ಚಾಪೆ ಕಾದವಳು

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಹೋದ ತಿಂಗಳು ಒಂದು ನೋಟಿಸ್ ಅಂಟಿಸಿದ್ದರು. ‘ಎಕ್ಸ್‌ಪ್ಯಾಟ್ಸ್ ಬೀಚ್ ವೀಕೆಂಡ್, ಗೋಕರ್ಣ’. ವೈಟ್‌ಫೀಲ್ಡಿನಲ್ಲಿ ಈಗ ಹೊರದೇಶದವರಿಗೇನು ಕಡಿಮೆಯೇ! ಶುಕ್ರವಾರ ಬೆಳಿಗ್ಗೆ ಐದನೇ ಮಹಡಿಯ ಜರ್ಮನ್ ಹುಡುಗಿ ತುಂಡು ಚಡ್ಡಿ ತೊಟ್ಟು, ಕಂಕುಳಲ್ಲಿ ಸುತ್ತಿದ ಚಾಪೆ ಇಟ್ಟುಕೊಂಡು ಲಿಫ್ಟಿಗೆ ಬಂದಳು. ಮೈಗೆ ಬಳಿದುಕೊಂಡ ಸನ್‌ಸ್ಕ್ರೀನಿನಿಂದ ಕೊಬ್ಬರಿ ಎಣ್ಣೆಯಂಥ ವಾಸನೆ ಬರುತ್ತಿತ್ತು.

“ಕಮ್ ವಿತ್ ಅಸ್, ಆಂಟಿ!” ಎಂದಳು.

“ಐ ಹ್ಯಾವ್ ಬೀನ್, ಡಿಯರ್,” ಎಂದೆ. ಅವಳ ಗೋಧಿ ಬಣ್ಣದ ನೀಳ ಕಾಲುಗಳನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಎಪ್ಪತ್ತಾರರ ಮಂಡಿನೋವಿನವಳಿಗೆ ಇದು ಬೇಕಿತ್ತೇ ಎಂದು ನೀವು ಕೇಳಬಹುದು. ಏನು ಮಾಡಲಿ, ಕೊಬ್ಬರಿ ಎಣ್ಣೆ ಮತ್ತು ಸಮುದ್ರ ಸೇರಿದರೆ ನನ್ನ ಹೊಟ್ಟೆ ಹೊತ್ತಿಕೊಳ್ಳುವುದು ಹಳೆಯ ಅಭ್ಯಾಸ.

ನಾನೂ ಒಂದು ಕಾಲಕ್ಕೆ ಎಕ್ಸ್‌ಪ್ಯಾಟ್ ಆಗಿದ್ದವಳೇ. ಆ ಪದ ಆಗ ಬಿಳಿಯರಿಗೆ ಮೀಸಲಾಗಿತ್ತು, ನಮ್ಮನ್ನು ‘ಗಲ್ಫಿನವರು’ ಎನ್ನುತ್ತಿದ್ದರು, ಅಷ್ಟೇ ವ್ಯತ್ಯಾಸ. ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಇಂಜಿನಿಯರ್ ಆಗಿದ್ದ ನಮ್ಮವರು ಮಸ್ಕತ್‌ಗೆ ಹೋದರು, ಹಿಂದೆಯೇ ನಾನೂ ಹೋದೆ. ಅಲ್ಲಿ ವಾರದ ರಜೆ ಗುರುವಾರ, ಶುಕ್ರವಾರ. ಬುಧವಾರ ಸಂಜೆಯೇ ನಾವು ನಾಲ್ಕು ಕನ್ನಡದ ಮನೆಯವರು ಫೋನು ಮಾಡಿಕೊಂಡು ಪುಳಿಯೋಗರೆ ಯಾರದು, ಮೊಸರನ್ನ ಯಾರದು ಎಂದು ಹಂಚಿಕೊಳ್ಳುತ್ತಿದ್ದೆವು. ಬೆಳಿಗ್ಗೆ ಬೀಚು.

ಬೀಚಿನಲ್ಲಿ ನಮ್ಮದೊಂದು ಪದ್ಧತಿ ಇತ್ತು. ಎಲ್ಲರೂ ನೀರಿಗಿಳಿದಾಗ ಒಬ್ಬರು ಚಾಪೆಯ ಮೇಲೆ ಕೂತು ವಾಚು, ಬಳೆ, ಕಾರಿನ ಕೀ ಕಾಯಬೇಕು. ಸರದಿಯ ಪ್ರಕಾರ ಎಂದು ಮಾತಾಗಿತ್ತು. ಆದರೆ ಸರದಿ ಪ್ರತಿ ಸಲವೂ ನನ್ನದೇ. ತಪ್ಪು ಅವರದಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದು, “ಲೇಡೀಸ್ ಡೋಂಟ್ ರನ್, ಗರ್ಲ್ಸ್.” ಓಡಬಾರದು ಎಂದ ಮೇಲೆ ಒದ್ದೆಯಾಗುವ ಮಾತೆಲ್ಲಿ? ನೆರಿಗೆ ಸರಿಮಾಡಿಕೊಂಡು, ಏಳೆಂಟು ಗಡಿಯಾರಗಳ ಟಿಕ್ ಟಿಕ್ ಕೇಳುತ್ತ ಕೂರುತ್ತಿದ್ದೆ.

ಆ ಗುಂಪಿಗೆ ಹೊಸದಾಗಿ ಬಂದವಳು ನೀಲಾ. ಕ್ರೇನ್ ಆಪರೇಟರ್ ಬಸವರಾಜನ ಹೆಂಡತಿ, ಹರಿಹರದವಳು, ತುಂಗಭದ್ರೆಯಲ್ಲಿ ಈಜು ಕಲಿತವಳು. ಮೊದಲ ದಿನವೇ ಕೈಕಾಲಿಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು, ಸೀರೆಯನ್ನು ಕಚ್ಚೆ ಹಾಕಿ ಬಿಗಿದು ನಿಂತಳು.

“ಬರ್ರಿ ಅಕ್ಕಾರ, ನೀರೇನು ಕಚ್ಚತೈತೇನ್ರಿ?”

“ನೀನು ಹೋಗಮ್ಮ, ನನಗೆ ಅಭ್ಯಾಸ ಇಲ್ಲ.”

“ಅಭ್ಯಾಸ ನೀರಾಗ ಆಕ್ಕೈತಿ, ಚಾಪಿ ಮ್ಯಾಲ ಅಲ್ರಿ!” ಎಂದು ನಕ್ಕು, ಓಡಿಹೋಗಿ ಅಲೆಯೊಳಗೆ ತಲೆ ಕೊಟ್ಟು ಆ ಕಡೆ ಎದ್ದಳು. ದಡದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಮ್ಮವರೂ ತಟ್ಟಿದರು. ನನ್ನ ಕ್ಯಾರಮೆಲ್ ಕಸ್ಟರ್ಡಿಗೆ “ಚೆನ್ನಾಗಿದೆ” ಎನ್ನಲು ಮೂರು ಚಮಚ ಮುಗಿಯುವವರೆಗೆ ನನ್ನನ್ನು ಕಾಯಿಸುತ್ತಿದ್ದ ಮನುಷ್ಯ!

ನಮ್ಮವರ ಬಳಿ ಒಂದು ರೋಲ್ ಕ್ಯಾಮೆರಾ ಇತ್ತು, ಮೂವತ್ತಾರು ಫೋಟೋಗಳದ್ದು. ಆ ದಿನ ಅವರು ಮೊಣಕಾಲು ನೀರಿನಲ್ಲಿ ನಿಂತು ಒಂದೇ ಸಮನೆ ಕ್ಲಿಕ್ಕಿಸಿದರು. ಎಲ್ಲದರಲ್ಲೂ ನೀಲಾ, ಅಥವಾ ನನಗೆ ಹಾಗೆ ಕಂಡಿತು. ಬಸವರಾಜ ಮಾತು ಕಡಿಮೆಯ ಸಂಕೋಚದ ಆಳು. ಹೆಂಡತಿಯ ಚಪ್ಪಲಿ ಕಂಕುಳಲ್ಲಿ ಇಟ್ಟುಕೊಂಡು ದಡದಲ್ಲೇ ನಿಂತಿದ್ದ. ನೀಲಾ ಬಂದು ಅವನನ್ನು ಚಪ್ಪಲಿ ಸಮೇತ ನೀರಿಗೆ ಎಳೆದಳು. ಅವನು ನಕ್ಕ. ನಮ್ಮವರು ಕ್ಲಿಕ್ಕಿಸಿದರು. ಆಮೇಲೆ ಬಂದು ಕ್ಯಾಮೆರಾ ನನ್ನ ಮಡಿಲಿಗೆ ಹಾಕಿದರು.

“ಇನ್ನೆರಡು ಉಳಿದಿದೆ ಕಣೆ. ಸಂಜೆ ಗ್ರೂಪ್ ಫೋಟೋಗೆ ಇಟ್ಕೋ.”

ಹೇಳಿ ನೀರಿಗೆ ಹೋದರು. ನೀಲಾ ಅವರಿಗೆ ತೇಲುವುದನ್ನು ಕಲಿಸಿದಳು. “ಮೈ ಬಿಡ್ರಿ ಸರ್, ನೀರು ಹಿಡಕೋತೈತಿ.” ನಮ್ಮವರು ಅಂಗಾತ ಮಲಗಿ ಆಕಾಶ ನೋಡುತ್ತ ಗಹಗಹಿಸಿದರು. ಹನ್ನೊಂದು ವರ್ಷದ ಸಂಸಾರದಲ್ಲಿ ಆ ನಗೆಯನ್ನು ನಾನು ಕೇಳಿಯೇ ಇರಲಿಲ್ಲ. ಅವರ ನಡುವೆ ಬೇರೇನೂ ಇರಲಿಲ್ಲ, ಅದು ಆಗಲೂ ನನಗೆ ಗೊತ್ತಿತ್ತು. ಆದರೂ ಐ ವಾಸ್ ಜೆಲಸ್. ಅವಳು ಕೊಟ್ಟ ನಗೆ ನಾನು ಕೊಡಬಹುದಾಗಿದ್ದ ನಗೆಯಾಗಿತ್ತು, ನಾನು ಚಾಪೆಯಿಂದ ಎದ್ದಿದ್ದರೆ.

ನಾನು ಕ್ಯಾಮೆರಾದ ಹಿಂಬಾಗಿಲು ತೆರೆದೆ. ಬಿಸಿಲಿಗೆ ಹಿಡಿದೆ. ಕಣ್ಣಾಮುಚ್ಚಾಲೆಯಲ್ಲಿ ಎಣಿಸುವ ಹಾಗೆ ಇಂಗ್ಲಿಷಿನಲ್ಲಿ ಇಪ್ಪತ್ತರವರೆಗೆ ಎಣಿಸಿ ಮುಚ್ಚಿದೆ.

ಸ್ಟುಡಿಯೋದವನು ರೋಲಿಗೆ ಬೆಳಕು ಹೊಕ್ಕಿದೆ, ಒಂದು ಫೋಟೋವೂ ಉಳಿದಿಲ್ಲ ಎಂದ. “ಲ್ಯಾಚ್ ಲೂಸ್ ಆಗಿದೆ, ನಾನು ನೋಡ್ಕೋಬೇಕಿತ್ತು,” ಎಂದು ನಮ್ಮವರು ತಮ್ಮನ್ನೇ ಬೈದುಕೊಂಡರು. ಅಂದಿನಿಂದ ಆ ಕ್ಯಾಮೆರಾಕ್ಕೆ ಅಡ್ಡಲಾಗಿ ಒಂದು ರಬ್ಬರ್ ಬ್ಯಾಂಡ್ ಹಾಕಿಡುತ್ತಿದ್ದರು. ಅವರು ಹೋಗಿ ಆರು ವರ್ಷವಾಯಿತು. ಆ ರಬ್ಬರ್ ಬ್ಯಾಂಡ್ ಈಗ ಕರಗಿ ಕ್ಯಾಮೆರಾಕ್ಕೇ ಅಂಟಿಕೊಂಡಿದೆ. ಉಗುರಿನಲ್ಲಿ ಕೆರೆದರೂ ಬರುವುದಿಲ್ಲ.

ಇಷ್ಟೇ ಆಗಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಮರುವರ್ಷವೇ ಬಸವರಾಜ ಹೃದಯಾಘಾತದಿಂದ ತೀರಿಕೊಂಡ. ನೀಲಾ ಆಗಷ್ಟೇ ಹುಟ್ಟಿದ್ದ ಕೂಸನ್ನು ಎತ್ತಿಕೊಂಡು ವಾಪಸು ಬಂದಳು, ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿದು ಮಗಳನ್ನು ಓದಿಸಿದಳು. ಈಗ ಮಗಳೊಂದಿಗೆ ಚಿಕ್ಕಬಾಣಾವರದಲ್ಲಿದ್ದಾಳೆ. ವರ್ಷಕ್ಕೊಮ್ಮೆ ಫೋನು ಮಾಡಿದಾಗಲೆಲ್ಲ ಒಂದೇ ಮಾತು. “ಅವರು ನಕ್ಕದ್ದು ಒಂದ ಫೋಟೋ ಇಲ್ರಿ ಅಕ್ಕಾರ. ಪಾಸ್‌ಪೋರ್ಟಿನ್ಯಾಗ ನೋಡಿದ್ರ ಜೈಲಿಗೆ ಹೊಂಟಾರ ಅನಸತೈತಿ. ಆ ಬೀಚಿಂದು ಎಲ್ಲಿಯರ ಹಳೇ ಡಬ್ಬಿಯಾಗ ಐತೇನ ನೋಡ್ರಿ.” ನಾನು ಪ್ರತಿ ಸಲವೂ, “ಬೆಳಕು ಹೊಕ್ಕಿತ್ತಲ್ಲಮ್ಮ,” ಎನ್ನುತ್ತಿದ್ದೆ.

ಲಿಫ್ಟಿನ ಆ ವಾಸನೆ ಎರಡು ದಿನ ಮೂಗು ಬಿಡಲಿಲ್ಲ. ಸೋಮವಾರ ಕ್ಯಾಬ್ ಮಾಡಿಕೊಂಡು, ಊರಿನ ಈ ತುದಿಯಿಂದ ಆ ತುದಿಗೆ, ಚಿಕ್ಕಬಾಣಾವರಕ್ಕೆ ಹೋದೆ. ಕೂತವಳೇ ಹೇಳಿಬಿಟ್ಟೆ.

“ಬೆಳಕು ತಾನಾಗಿ ಹೊಕ್ಕಿದ್ದಲ್ಲ ನೀಲಾ. ನಾನೇ ಕ್ಯಾಮೆರಾ ತೆಗೆದೆ.”

“ಯಾಕ್ರಿ?”

“ಹೊಟ್ಟೆಕಿಚ್ಚು.”

“ನನ್ನ ಮ್ಯಾಲ?” ನಂಬಲಾಗದವಳಂತೆ ನನ್ನನ್ನು ನೋಡಿದಳು. ಎದ್ದು ಒಳಗೆ ಹೋದಳು. ಬಹಳ ಹೊತ್ತು ಪಾತ್ರೆಗಳ ಸದ್ದು. ಒಂದೇ ಲೋಟ ಚಹಾ ತಂದು ನನ್ನ ಮುಂದಿಟ್ಟಳು. ತಾನು ಕುಡಿಯಲಿಲ್ಲ. ಅದು ಕ್ಷಮೆಯಲ್ಲ, ಮನೆಗೆ ಬಂದವರಿಗೆ ಕೊಡುವ ಚಹಾ ಎಂಬುದು ನನಗೆ ತಿಳಿಯಿತು.

ಆಮೇಲೆ ಅವಳೇ ಅಂದಳು. “ನನ್ನ ಕಣ್ಣಾಗ ಉಪ್ಪುನೀರು ತುಂಬಿತ್ತು, ಏನೂ ಕಾಣಲಿಲ್ಲ. ನೀವು ದಡದಾಗ ಕೂತಿದ್ರಿ. ಹೇಳ್ರಿ ಈಗ, ಹೆಂಗ ನಕ್ಕರು?”

ಹೊಟ್ಟೆಕಿಚ್ಚಿನ ಕಣ್ಣಿಗೆ ರೆಪ್ಪೆಯಿರುವುದಿಲ್ಲ. ನನಗೆ ಎಲ್ಲ ನೆನಪಿತ್ತು. ಮೈಗೆ ಅಂಟಿದ ಬನಿಯನ್, ಮೀಸೆಯಿಂದ ತೊಟ್ಟಿಕ್ಕುತ್ತಿದ್ದ ನೀರು, ಮೊದಲು ಗಾಬರಿ, ಆಮೇಲೆ ನಗು, ನಗುತ್ತ ಬಾಯಿಗೆ ಅಡ್ಡ ಹಿಡಿದ ಕೈ.

“ಬಾಯಿಗೆ ಕೈ?” ನೀಲಾ ಮುಂದಕ್ಕೆ ಬಾಗಿದಳು. “ಹೌದ್ರಿ! ಮುಂದಿನ ಹಲ್ಲು ಸೊಟ್ಟ ಇತ್ತು. ಮರ್ತೇ ಹೋಗಿತ್ತ್ ನೋಡ್ರಿ ನನಗ!”

ಆ ವಾರವೇ ಜರ್ಮನ್ ಹುಡುಗಿ ಮತ್ತೆ ಲಿಫ್ಟಿನಲ್ಲಿ ಸಿಕ್ಕಳು, ಮೂಗು ಕೆಂಪಗೆ ಸುಲಿದಿತ್ತು. ಫೋನಿನಲ್ಲಿ ನೂರಾರು ಫೋಟೋ ತೋರಿಸಿದಳು. ನಾನು ಒಂದನ್ನೂ ಬಿಡದೆ ನೋಡಿದೆ, ನನ್ನ ಮಹಡಿ ದಾಟಿ ಹೋದರೂ.

ಈಗ ನೀಲಾಳ ಫೋನು ವರ್ಷಕ್ಕೊಮ್ಮೆಯಲ್ಲ, ಗುರುವಾರ ಗುರುವಾರ ಬರುತ್ತದೆ. ಕ್ಷಮಿಸಿದ್ದಾಳೋ ಇಲ್ಲವೋ ನಾನು ಕೇಳಿಲ್ಲ, ಅವಳು ಹೇಳಿಲ್ಲ. ಈ ವಾರ ಜಗಳಕ್ಕೇ ಬಂದಳು.

“ಅಕ್ಕಾರ, ನನ್ನ ಚಪ್ಲಿ ಅವರ ಯಾವ ಕಂಕುಳಾಗಿತ್ತು?”

“ಎಡಗಡೆ.”

“ಹೋದ ವಾರ ಬಲಗಡೆ ಅಂದಿದ್ರಿ! ಖರೇ ಹೇಳ್ರಿ.”

“ತಡಿ, ನೋಡಿ ಹೇಳ್ತೀನಿ,” ಎಂದು ನಾನು ಕಣ್ಣು ಮುಚ್ಚಿದೆ.