ಕಾಪುವಿನ ಬಾವಿಯಲ್ಲಿ ಬೂದು ಮರಳು

ರೊಸಾರಿಯೊ ಅವರನ್ನು ನಾನು ಮೊದಲು ಕಂಡದ್ದು ೧೯೫೮ರ ಏಪ್ರಿಲಿನಲ್ಲಿ, ಕಾಪುವಿನ ನಮ್ಮ ಹಿತ್ತಲಲ್ಲಿ. ಬಾವಿ ತೋಡಲು ಶಿರ್ವದಿಂದ ಬಂದಿದ್ದರು. ಮೊಣಕಾಲಿನ ಮೇಲೆ ಕಟ್ಟಿದ ಪಂಚೆ, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಕೊರಳಲ್ಲಿ ಕಪ್ಪು ದಾರದ ಶಿಲುಬೆ. ಅಮ್ಮ ಕೊಟ್ಟ ಬೆಲ್ಲ ತಿಂದು ನೀರು ಕುಡಿದರು. ಮತ್ತೆ ಗಾಜಿನ ಲೋಟದ ತುಂಬ ನೀರು ಕೇಳಿ, ಅದಕ್ಕೊಂದು ಹಿಡಿ ಮರಳು ಹಾಕಿ ಕಲಕಿದರು.

"ನೋಡಿ, ದಪ್ಪದ್ದು ಮೊದಲು ಕೂತಿತು. ಚಿಪ್ಪಿನ ಚೂರು ಚಪ್ಪಟೆ ಅಲ್ವಾ, ಅದು ತೂಗಾಡಿಕೊಂಡು ಇಳಿಯುತ್ತದೆ. ಸಣ್ಣದು ಕೊನೆಗೆ."

ಕಡಲು ಮಾಡುವುದೂ ಇದನ್ನೇ. ಅಲೆ ದಪ್ಪ ಮರಳನ್ನು ದಡದಲ್ಲಿ ಬಿಟ್ಟು ಸಣ್ಣದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ದಡದಲ್ಲಿ ಉಳಿದು ಒಣಗಿದ ಸಣ್ಣ ಮರಳನ್ನು ಗಾಳಿ ಹೊತ್ತು ತಂದು ಊರೊಳಗೆ ಸುರಿಯುತ್ತದೆ. ನಮ್ಮ ಹಿತ್ತಲಿನ ಅಡಿಯಲ್ಲಿ ಇವೆರಡೂ ಪದರ ಪದರವಾಗಿ ಬಿದ್ದಿದ್ದವು. ದಪ್ಪ ಮರಳು ಒಂದಿಷ್ಟು ಹೊತ್ತು ಗೋಡೆಯಂತೆ ನಿಲ್ಲುತ್ತದೆ. ನೀರು ತುಂಬಿದ ಸಣ್ಣ ಮರಳು ಗಂಜಿಯಂತೆ ಹರಿಯುತ್ತದೆ.

ಗುಂಡಿಗೆ ಇಳಿದಿದ್ದವನು ರೊಸಾರಿಯೊ ಅವರ ಹೆಂಡತಿ ವೆರೊನಿಕಾಳ ತಮ್ಮ ಎಡ್ಮಂಡ್. ಒಂದು ಮಧ್ಯಾಹ್ನ ಮೇಲೆ ಬಂದ ಬುಟ್ಟಿಯಲ್ಲಿ ಹಿಟ್ಟಿನಷ್ಟು ನಯವಾದ ಬೂದು ಮರಳಿತ್ತು. ರೊಸಾರಿಯೊ ಅದನ್ನು ಬೆರಳಲ್ಲಿ ಉಜ್ಜಿ ಬಾವಿಗೆ ಬಗ್ಗಿದರು.

"ಎಡ್ಮಂಡ್, ಮೇಲೆ ಬಾ."

"ನೀರು ಬಂತು ಭಾವ. ಕೊಡ ಬಿಡಿ."

ನೀರು ಕಂಡವನು ಮೊದಲ ಕೊಡವನ್ನು ಮನೆಯ ಹೆಂಗಸಿಗೆ ಕಳಿಸದೆ ಮೇಲೆ ಬರಬಾರದು ಎಂಬುದು ಬಾವಿ ತೋಡುವವರ ರೂಢಿ. ಅಮ್ಮ ಕೊಡ ಹಿಡಿದು ನಿಂತಿದ್ದರು.

"ಕೊಡ ಬೇಡ. ಸಣ್ಣ ಮರಳು ಉಂಟು."

"ಮರಳು ಕಂಡರೂ ಹೆದರಿಕೆಯಾ ಭಾವ? ವಯಸ್ಸಾಯ್ತು ನಿಮಗೆ."

ಅಷ್ಟರಲ್ಲಿ ಗೋಡೆಯ ಬುಡ ಸದ್ದಿಲ್ಲದೆ ಒಳಗೆ ಹರಿಯಿತು. ಮೇಲಿನ ದಪ್ಪ ಮರಳು ಹೋಳು ಹೋಳಾಗಿ ಬಿತ್ತು. ಎಡ್ಮಂಡ್ ಸೊಂಟದವರೆಗೆ ಹೂತುಹೋಗಿದ್ದ. ಅಪ್ಪ ಹಗ್ಗ ಎಸೆದು ಎಳೆಯಲು ಹೊರಟರು.

"ಎಳೆಯಬೇಡಿ. ಎಳೆದರೆ ಮರಳು ಬಿಗಿಯುತ್ತದೆ. ನೀರು ಕೊಡಿ."

ರೊಸಾರಿಯೊ ತಮ್ಮ ಸೊಂಟಕ್ಕೆ ಇನ್ನೊಂದು ಹಗ್ಗ ಕಟ್ಟಿಸಿಕೊಂಡು ಇಳಿದರು. ನಾವು ಇಳಿಸಿದ ನೀರನ್ನು ಅವನ ತೊಡೆಗಳ ಪಕ್ಕಕ್ಕೆ ಸುರಿದು, ಕೈಯಿಂದ ಕೆದಕಿ ಮರಳನ್ನು ಸಡಿಲಿಸಿದರು. ಅವರ ಬೆನ್ನ ಮೇಲೆ ಗೋಡೆ ಉದುರುತ್ತಲೇ ಇತ್ತು.

"ವೆರೊನಿಕಾಳಿಗೆ ನೀನೊಬ್ಬನೇ ತಮ್ಮ, ಮಾರಾಯ. ಕಾಲು ಅಲ್ಲಾಡಿಸು. ಮೆಲ್ಲ."

ಎಡ್ಮಂಡ್ ಮೆಲ್ಲನೆ ಕಾಲು ಅಲ್ಲಾಡಿಸುತ್ತ ಹೋದ. ಮೊದಲು ಒಂದು ಕಾಲು ಬಂತು, ಬಹಳ ಹೊತ್ತಿಗೆ ಇನ್ನೊಂದು. ಇಬ್ಬರನ್ನೂ ಮೇಲೆತ್ತಿ ನಾವು ಹಿಂದೆ ಸರಿಯುವಾಗಲೇ ಗುಂಡಿ ಮುಚ್ಚಿಕೊಂಡಿತು.

ಆಮೇಲೆ ರೊಸಾರಿಯೊ ಬರಿಯ ಮರಳಿನ ಗುಂಡಿಗೆ ಯಾರನ್ನೂ ಇಳಿಸಲಿಲ್ಲ. ಮುಂದೆ ಅವರು ಸಂತೆಕಟ್ಟೆಯಲ್ಲಿ, ಗೋಡೆ ಕುಸಿಯದಂತೆ ಬಾವಿಗೆ ಇಳಿಸುವ ಸಿಮೆಂಟಿನ ಬಳೆಗಳನ್ನು ಮಾಡತೊಡಗಿದರು.