ಪಾಡ್‌ಕಾಸ್ಟಿನವರಿಗೆ ಸಿಕ್ಕ ನನ್ನ ನಗು

ಎರಡು ವರ್ಷದ ಹಿಂದೆ, ನನಗೆ ಅರವತ್ತೊಂಬತ್ತು ನಡೆಯುತ್ತಿದ್ದಾಗ, ನನ್ನ ನಗು ಫೇಮಸ್ ಆಯಿತು. ಮುಖ ಅಲ್ಲ, ಹೆಸರಲ್ಲ, ಬರೀ ನಗು. ಜೆ.ಪಿ. ನಗರದಲ್ಲಿ ವಾಕಿಂಗ್ ಹೋಗುವವರ ಕಿವಿಯೊಳಗೆ ನಾನು ನಕ್ಕಿದ್ದೇ ನಕ್ಕಿದ್ದು.

ಆ ನಗುವಿನಿಂದ ಒಬ್ಬ ತಾಯಿಗೆ ಮಗಳ ಬಾಣಂತನ ತಪ್ಪಿತು.

ಇದನ್ನು ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಹೋದ ವಾರ ಓದುಗರೊಬ್ಬರು ಪತ್ರಿಕೆಯವರ ಹತ್ತಿರ ಹೇಳಿ ಕಳಿಸಿದ್ದಾರೆ: ಅಜ್ಜಿಗೆ ಬರೆಯುವುದು ಕಷ್ಟವಾದರೆ ಪಾಡ್‌ಕಾಸ್ಟ್ ಶುರು ಮಾಡಲಿ, ಈಗ ಅದೇ ಟ್ರೆಂಡು. ಬರೆಯುವುದು ಕಷ್ಟ ಹೌದು. ನನ್ನದು ನಾಲ್ಕನೇ ಕ್ಲಾಸಿನ ಅಕ್ಷರ. ಒಂದು ಪುಟಕ್ಕೆ ಒಂದು ಬೆಳಿಗ್ಗೆ ಹೋಗುತ್ತದೆ. ಆದರೆ ಬರೆದದ್ದರಲ್ಲಿ ಬೇಡದ್ದನ್ನು ಗೀಟು ಎಳೆದು ಹೊಡೆದು ಹಾಕಬಹುದು. (ಈ ವಾರ ಎಷ್ಟು ಗೀಟು ಎಳೆದಿದ್ದೇನೆ ಅಂತ ಪತ್ರಿಕೆಯವರನ್ನು ಕೇಳಿ.)

ಚಳಿ ಶುರುವಾದರೆ ನನ್ನದು ಅವರೆಕಾಳಿನ ವ್ಯಾಪಾರ ಅಂತ ಹಳೆಯ ಓದುಗರಿಗೆ ಗೊತ್ತು. ಹಿಂದಿನ ದಿನ ಸಂಜೆ ಕಾಳು ನೆನೆಹಾಕುತ್ತೇನೆ. ಬೆಳಿಗ್ಗೆ ಐದಕ್ಕೆ ಜರಗನಹಳ್ಳಿಯ ನನ್ನ ಮನೆ ಮುಂದೆ ಚಾಪೆ ಹಾಸಿ, ತಲೆಗೊಂದು ಮಣೆ ಹಾಕಿಕೊಂಡು ನಾವು ಐದು ಜನ ಹೆಂಗಸರು ಹಿತಕಲು ಕೂರುತ್ತೇವೆ. ಹೆಬ್ಬೆರಳು, ತೋರುಬೆರಳು, ಒಂದು ಒತ್ತು. ಕಾಳು ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಒಂಬತ್ತಕ್ಕೆಲ್ಲ ನಾನು ಜಯನಗರದ ಮಾರ್ಕೆಟ್ ಪಕ್ಕದ ಫುಟ್‌ಪಾತಿನಲ್ಲಿರಬೇಕು.

ಕೈಗೆ ಕೆಲಸ, ಬಾಯಿಗೆ ಬಿಡುವು. ಬಾಯಿ ಸುಮ್ಮನಿರುತ್ತದಾ? ಯಾರ ಗಂಡ ಹೊಡೆದ, ಯಾರ ಮಗಳು ಯಾರ ಜೊತೆ ಹೋದಳು, ಯಾರಿಗೆ ಗರ್ಭಕೋಶ ತೆಗೆಸಬೇಕಂತೆ, ಎಲ್ಲ ಅಲ್ಲೇ ಬರುತ್ತದೆ. ಆದರೆ ಒಂದು ಕಟ್ಟು ಇತ್ತು. ಚಾಪೆ ಸುತ್ತಿದರೆ ಮಾತೂ ಸುತ್ತಿದ ಹಾಗೆ. ಹನ್ನೆರಡು ವರ್ಷದಲ್ಲಿ ಒಂದು ಮಾತು ಆಚೆ ಹೋಗಿರಲಿಲ್ಲ. (ನಮ್ಮ ಬೀದಿ ನೋಡಿದವರಿಗೆ ಇದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.)

ಅಲ್ಲಿಗೆ ಬಂದಳು ಮೇಘನಾ. ಹುಬ್ಬಳ್ಳಿ ಕಡೆಯ ಹುಡುಗಿ, ಬಿ.ಟಿ.ಎಂ.ನಲ್ಲಿ ಬಾಡಿಗೆಗೆ ಇದ್ದಾಳೆ, ಆಫೀಸು ಕೆಲಸ. ರಜೆ ಬಂದರೆ ಪಾಡ್‌ಕಾಸ್ಟ್ ಮಾಡುತ್ತಾಳೆ. ಊಟ ತಿಂಡಿ, ಸಣ್ಣ ಬಿಸಿನೆಸ್ಸು, ಕಮ್ಯುನಿಟಿ ಲೈಫು, ಇವೇ ವಿಷಯ. ಕಾರ್ಯಕ್ರಮಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರು, ನನ್ನ ನಾಲಿಗೆ ಹೊರಳುವುದಿಲ್ಲ. ಫುಟ್‌ಪಾತಿನಲ್ಲಿ ನನ್ನ ಹತ್ತಿರ ಕಾಳು ತೆಗೆದುಕೊಳ್ಳುತ್ತ, "ಅಜ್ಜಿ, ನಿಮ್ಮಂಥೋರ ಕಥಿ ಮಂದಿ ಕೇಳಬೇಕ್ರಿ" ಅಂದಳು. ಸುಳ್ಳು ಯಾಕೆ ಹೇಳಲಿ? ಹಿಗ್ಗಿದೆ. ಅರವತ್ತೊಂಬತ್ತು ವರ್ಷದಲ್ಲಿ ನನ್ನ ಮಾತು ಕೇಳುತ್ತೇನೆ ಅಂದವಳು ಅವಳೊಬ್ಬಳೇ.

ಭಾನುವಾರ ಬೆಳಿಗ್ಗೆ ಆರಕ್ಕೆ ಬಂದಳು. ಒಂದು ಕಾಗದ ಕೊಟ್ಟು, ಇಲ್ಲಿ ಸೈನ್ ಬೇಕ್ರಿ ಅಂದಳು. ಐದೂ ಜನರ ಪರವಾಗಿ ನಾನೇ ಹಾಕಿದೆ. ಹೆಬ್ಬೆಟ್ಟು ಒತ್ತುವವಳಲ್ಲ ನಾನು ಅಂತ ತೋರಿಸಬೇಕಿತ್ತಲ್ಲ. ಆಮೇಲೆ ಬೆಂಕಿಪೊಟ್ಟಣದಷ್ಟಿದ್ದ ಒಂದು ಮೈಕನ್ನು, ಬೋರಲು ಹಾಕಿದ ಸ್ಟೀಲ್ ಲೋಟದ ಮೇಲಿಟ್ಟು, ನಮ್ಮ ನಡುವೆ ಕುಳಿತಳು.

"ಈ ಕೆಲಸದಾಗ ನಿಮಗ ಖುಷಿ ಕೊಡೋದು ಯಾವಾಗ್ರಿ ಅಜ್ಜಿ?"

"ಮುಗಿದಾಗ."

"ಇದೂ ಒಂದು ಕ್ರಿಯೇಟಿವಿಟಿ ಅಲ್ಲೇನ್ರಿ?"

"ಕಾಳು ದೇವ್ರು ಮಾಡಿದ್ದು. ಸಿಪ್ಪೆ ನಾವು ತೆಗೀತೀವಿ. ಕ್ರಿಯೇಟ್ ಮಾಡಕ್ಕೆ ಇನ್ನೇನೈತೆ ಇದರಲ್ಲಿ?"

ಅವಳು ನಕ್ಕಳು, ನಾವೂ ನಕ್ಕೆವು. ಚೆನ್ನಾಗಿಯೇ ಇತ್ತು. ಅರ್ಧ ಗಂಟೆಗೆ ಅವಳ ಪ್ರಶ್ನೆ ಮುಗಿದವು. ನಮಗೆಲ್ಲ ಕಾಫಿ ತರುತ್ತೇನೆ ಅಂತ ಎದ್ದಳು.

"ಅಜ್ಜಿ, ಇದು ಇಲ್ಲೇ ಇರಲೇನ್ರಿ? ಕಾಳು ಬೀಳೋ ಸೌಂಡ್ ಬೇಕಿತ್ತು."

"ಇರಲಿ ಬಿಡಮ್ಮ. ಅದಕ್ಕೇನು ಊಟ ಹಾಕಬೇಕಾ?"

ಅವಳು ಆ ಕಡೆ ಹೋದಳು. ಈ ಕಡೆ ರತ್ನಮ್ಮ ಒಂದು ನಿಟ್ಟುಸಿರು ಬಿಟ್ಟಳು.

ರತ್ನಮ್ಮ ನಮ್ಮ ಐವರಲ್ಲಿ ಒಬ್ಬಳು, ನನಗಿಂತ ಹದಿನೈದು ವರ್ಷ ಚಿಕ್ಕವಳು. ಇರುವವಳು ಒಬ್ಬಳೇ ಮಗಳು, ಬೊಮ್ಮನಹಳ್ಳಿಗೆ ಕೊಟ್ಟಿದೆ. ಆಗ ಏಳು ತಿಂಗಳ ಬಸುರಿ. ಚೊಚ್ಚಲ ಬಾಣಂತನಕ್ಕೆ ತೌರಿಗೆ ಬರುವವಳಿದ್ದಳು. ರತ್ನಮ್ಮ ಇರುವ ಒಂದು ರೂಮಿಗೆ ಸುಣ್ಣ ಹೊಡೆಸಿ, ಹಳೆಯ ಹತ್ತಿ ಸೀರೆ ಹರಿದು, ಒಗೆದು, ಮಡಿಸಿ ಇಟ್ಟಿದ್ದಳು. ದಿನಾ ಅದೇ ಮಾತು. ಅವತ್ತು ಮಾತ್ರ ಮುಖ ಬೇರೆ ಥರ ಇತ್ತು.

"ಏನಾಯ್ತೇ?" ಅಂದೆ.

ಅವಳು ಮೈಕು ನೋಡಿದಳು. "ಅಕ್ಕ, ಅದು ಆಫ್ ಆಗೈತಾ?"

ನಾನೂ ನೋಡಿದೆ. ಸಣ್ಣದೊಂದು ಕೆಂಪು ಲೈಟು ಹತ್ತಿಕೊಂಡಿತ್ತು. ಕೆಂಪು ಅಂದರೆ ನಿಂತಿದೆ ಅಂತ. ಬನಶಂಕರಿ ಸಿಗ್ನಲ್ಲಿನಲ್ಲಿ ಎಷ್ಟು ಸಲ ನೋಡಿಲ್ಲ?

"ಆಗೈತೆ. ನೀನು ಹೇಳು."

(ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬಹುದಿತ್ತು. ಆದರೆ ಅವಳು ಏನು ಹೇಳುತ್ತಾಳೆ ಅಂತ ಕೇಳುವ ಆತುರ ನನಗೆ.)

ರತ್ನಮ್ಮ ಹೇಳಿದಳು. ಅಳಿಯನಿಗೆ ಕೆಲಸ ಹೋಗಿ ಆರು ತಿಂಗಳು. ತಲಘಟ್ಟಪುರದಲ್ಲಿರುವ ಅವನ ತಾಯಿಗೆ ಗೊತ್ತಿಲ್ಲ, ವಠಾರದವರಿಗೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ಬ್ಯಾಗು ಹಾಕಿಕೊಂಡು, ಊಟದ ಡಬ್ಬಿ ಹಿಡಿದು ಹೊರಡುತ್ತಾನೆ. ಎರಡು ಬಸ್ಸು ಬದಲಾಯಿಸಿ ಯಾವುದೋ ಪಾರ್ಕಿಗೆ ಹೋಗಿ ಕೂರುತ್ತಾನೆ. ಸಂಜೆ ವಾಪಸ್ಸು. ಹೆಂಡತಿಗೆ ಮಾತ್ರ ಗೊತ್ತು. ಅವಳು ಅಮ್ಮನಿಗೆ ಹೇಳಿ, ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದಳು.

ನಾನು ಸುಮ್ಮನಿರಬಹುದಿತ್ತು. "ಬೆಂಚು ಕಾಯೋ ಕೆಲಸ ಸಿಕ್ಕೈತೆ ಬಿಡೇ" ಅಂದೆ. "ಪಾರ್ಕಿನೋರು ಸಂಬಳ ಕೊಡಬೇಕು ಅವನಿಗೆ."

ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ರತ್ನಮ್ಮನೂ ನಕ್ಕಳು. ಹೇಳಿಕೊಂಡು ಹಗುರಾಗಿದ್ದಳು. ಅಷ್ಟರಲ್ಲಿ ಕಾಫಿ ಬಂತು.

ಕಾರ್ಯಕ್ರಮ ಬಂದಾಗ ನಮ್ಮಲ್ಲಿ ಯಾರೂ ಕೇಳಲಿಲ್ಲ. ಮೇಘನಾ ನನ್ನ ಮೊಬೈಲಿಗೆ ಕಳಿಸಿದ್ದಳು. ಒಂದು ಗಂಟೆ ಕುಳಿತು ಕೇಳಲು ಯಾರಿಗೆ ಪುರುಸೊತ್ತು? ಅದೂ ನಾವೇ ಆಡಿದ ಮಾತು.

ಕೇಳಿದವರು ಬೇರೆಯವರು. ಪಾರ್ಕಿನ ತುಣುಕನ್ನು ಯಾರೋ ಕತ್ತರಿಸಿ ವಾಟ್ಸಾಪಿಗೆ ಬಿಟ್ಟರು. ತಮಾಷೆ ಅಂತ. ಅದು ಸುತ್ತಿ ಸುತ್ತಿ ವಾರದೊಳಗೆ ತಲಘಟ್ಟಪುರಕ್ಕೆ, ರತ್ನಮ್ಮನ ಬೀಗಿತ್ತಿಯ ಮೊಬೈಲಿಗೇ ಬಂತು. ಆಯಮ್ಮ ಮಗನನ್ನು ಕರೆಸಿ ಕೇಳಿಸಿದಳು. ಅವನು ಪೂರ್ತಿ ಕೇಳಿ, ರತ್ನಮ್ಮನಿಗೆ ಫೋನು ಮಾಡಿದ.

"ಪಾರ್ಕಿನೋನ ಹೆಂಡ್ತಿ ನಿಮ್ಮನೆಗ್ಯಾಕೆ ಬರ್ತಾಳೆ? ಬಾಣಂತನ ನಮ್ಮಮ್ಮ ಮಾಡ್ತಾರೆ. ನೀವು ಕಾಳು ಹಿತುಕ್ಕೊಂಡು ನಗ್ತಾ ಇರಿ."

ಅವನು ಕೆಟ್ಟವನಲ್ಲ. ಕೆಟ್ಟವನಾದರೆ ಪಾರ್ಕಿಗೆ ಯಾಕೆ ಹೋಗುತ್ತಿದ್ದ, ಬಾರಿಗೆ ಹೋಗುತ್ತಿದ್ದ. ಐದು ಜನ ಹೆಂಗಸರು ತನ್ನ ಮೇಲೆ ನಗುವುದನ್ನು ಹೆತ್ತ ತಾಯಿಯ ಎದುರು ಕುಳಿತು ಕೇಳಿದ ಗಂಡಸು ಇನ್ನೇನು ಮಾಡುತ್ತಾನೆ?

ನಾನು ಮೇಘನಾಗೆ ಫೋನು ಮಾಡಿದೆ. ಓಡಿ ಬಂದಳು.

"ಅಜ್ಜಿ, ಯಾರ ಹೆಸರೂ ಬಂದಿಲ್ರಿ. ನಾ ಎಲ್ಲಾ ಚೆಕ್ ಮಾಡೇನ್ರಿ."

"ಅತ್ತೆ ದನಿ ಅಳಿಯನಿಗೆ ಗೊತ್ತಾಗಲ್ವೇನಮ್ಮ?"

ಮೊಬೈಲನ್ನು ಕೈಯಲ್ಲಿ ತಿರುಗಿಸಿದಳು. ಆಮೇಲೆ ಅಂದಳು, "ಅದು ಭಾಳ ರಿಯಲ್ ಇತ್ರಿ. ಕೇಳಿದೋರೆಲ್ಲ ಅದನ್ನ ಹೊಗಳ್ಯಾರ. ಮತ್ತ, ನೀವು ಸೈನ್ ಮಾಡಿದ್ರಲ್ರಿ."

"ಆಫ್ ಆಗಿತ್ತಲ್ಲ? ಕೆಂಪು ಲೈಟು ಇತ್ತು."

"ಕೆಂಪು ಇದ್ರ ರೆಕಾರ್ಡ್ ಆಗ್ಲಿಕತ್ತೈತಿ ಅಂತ ಅರ್ಥ ರೀ ಅಜ್ಜಿ."

ಅಳುತ್ತ ನಿಂತಳು. ಆ ಅಳು ನಿಜವೇ. ಅಲ್ಲೇ ನಿಂತು ಮೊಬೈಲಿನಲ್ಲಿ ಏನೇನೋ ಒತ್ತಿ ರತ್ನಮ್ಮನ ಮಾತನ್ನು ತೆಗೆದು ಹಾಕಿದಳು. ಆದರೆ ಕಾರ್ಯಕ್ರಮದ ಶುರುವಿನಲ್ಲಿ ನನ್ನ ನಗು ಹಾಕಿದ್ದಳು, ಟ್ಯೂನಿನ ಹಾಗೆ. ಅದು ಹಾಗೇ ಉಳಿಯಿತು. ಯಾವುದಕ್ಕೆ ನಕ್ಕಿದ್ದು ಅನ್ನುವುದು ಹೋಯಿತು, ನಕ್ಕಿದ್ದು ಮಾತ್ರ ಉಳಿಯಿತು.

ನನಗೆ ಸಿಟ್ಟು ಆ ಹುಡುಗಿಯ ಮೇಲೆ ಅಷ್ಟಿಲ್ಲ. ಕೇಳುವವರ ಮೇಲೆ. ಪಕ್ಕದ ಫ್ಲ್ಯಾಟಿನವರ ಹೆಸರು ಗೊತ್ತಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಮೊಬೈಲು ನೋಡಿಕೊಂಡು ನಿಲ್ಲುತ್ತೀರಿ. ಮನೆಗೆ ಹೋಗಿ ಕಿವಿಗೆ ಸಿಕ್ಕಿಸಿಕೊಂಡು ನಮ್ಮ ಕಮ್ಯುನಿಟಿ ಲೈಫ್ ಕೇಳುತ್ತೀರಿ. ಅಷ್ಟು ಆಸೆ ಇದ್ದರೆ ಬೆಳಿಗ್ಗೆ ಐದಕ್ಕೆ ಬನ್ನಿ, ಚಾಪೆ ಇದೆ. ಒಂದು ಸೇರು ಕಾಳು ಹಿತಕಿ. ನಿಮ್ಮ ಮನೆಯದೂ ಒಂದು ಹೇಳಿ, ಆಗ ಸರಿಹೋಯಿತು. ಏನೂ ಹೇಳದೆ ಬರೀ ಕೇಳಿಸಿಕೊಂಡು ಹೋಗುವವರನ್ನು ನಮ್ಮ ಬೀದಿಯಲ್ಲಿ ಬೇರೆ ಹೆಸರಿನಿಂದ ಕರೆಯುತ್ತಾರೆ.

(ನೀನೂ ಈಗ ಅದನ್ನೇ ಬರೆದು ಹಂಚುತ್ತಿದ್ದೀಯಲ್ಲ ಅನ್ನುತ್ತೀರಿ. ರತ್ನಮ್ಮನ ಹೆಸರು ರತ್ನಮ್ಮ ಅಲ್ಲ. ಕನಕಪುರ ರೋಡಿನ ಬಸ್ ಸ್ಟಾಪಿನಲ್ಲಿ ಸಿಕ್ಕಾಗ ಅವಳನ್ನು ಕೇಳಿದೆ. "ಇನ್ನೇನು ಉಳಿದೈತೆ, ಬರ್ಕೋ" ಅಂದು ಬಸ್ಸು ಹತ್ತಿದಳು.)

ಗಂಡು ಮಗು ಹುಟ್ಟಿತು. ಈಗ ಓಡಾಡುತ್ತದಂತೆ. ರತ್ನಮ್ಮ ಫೋಟೋದಲ್ಲಿ ನೋಡಿದ್ದಾಳೆ.

ಮೇಘನಾ ಅತ್ತು ಹೋದ ಆ ಸಂಜೆ ರತ್ನಮ್ಮ ನಮ್ಮ ಮನೆಗೆ ಬಂದಳು. ಜಗಳಕ್ಕೆ ಅಂದುಕೊಂಡೆ. ಬಂದರೆ ಒಳ್ಳೆಯದು ಅಂತಲೂ ಅಂದುಕೊಂಡೆ. ಅವಳು ಒಳಗೆ ಬರಲಿಲ್ಲ. ಬಾಗಿಲ ಪಕ್ಕ ನಮ್ಮ ಐವರ ಮಣೆ ಒಂದರ ಮೇಲೊಂದು ಇರುತ್ತವೆ. ತನ್ನದನ್ನು ಎಳೆದು ಕಂಕುಳಲ್ಲಿ ಇಟ್ಟುಕೊಂಡಳು.

"ನಾನು ಕೇಳಿದ್ದೆ ಅಕ್ಕ, ಆಫ್ ಆಗೈತಾ ಅಂತ."

ನಾನು ಉಳಿದ ನಾಲ್ಕು ಮಣೆ ಸರಿಯಾಗಿ ಜೋಡಿಸಿದೆ.

"ನೀನು ಆಗೈತೆ ಅಂದೆ."

ಅಷ್ಟೇ. ಹೋದಳು.

ಕಾಳು ಆಗಲೇ ನೆನೆಹಾಕಿ ಆಗಿತ್ತು. ನೆನೆದ ಕಾಳು ಯಾರ ಕಷ್ಟಕ್ಕೂ ಕಾಯುವುದಿಲ್ಲ, ಹುಳಿ ವಾಸನೆ ಬರುತ್ತದೆ. ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು ಚಾಪೆ ಹಾಸಿದೆ. ಉಳಿದ ಮೂವರು ಬಂದರು. ನಾಲ್ಕು ಮಣೆ. ಯಾರೂ ಬಾಯಿ ಬಿಡಲಿಲ್ಲ. ಕಾಳು ಪಾತ್ರೆಗೆ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಮೇಘನಾಗೆ ಬೇಕಾಗಿದ್ದದ್ದು ಅದೇ ಸದ್ದು. ಒಬ್ಬಳು ಕಡಿಮೆ ಇದ್ದರೂ ಎಂದಿಗಿಂತ ಅರ್ಧ ಗಂಟೆ ಮೊದಲೇ ಕೆಲಸ ಮುಗಿಯಿತು.

ಪಾತ್ರೆ ಹೊತ್ತುಕೊಂಡು ಜಯನಗರಕ್ಕೆ ಹೋದೆ. ಕುಳಿತು ಹತ್ತು ನಿಮಿಷ ಆಗಿರಲಿಲ್ಲ, ವಾಕಿಂಗ್ ಶೂ ಹಾಕಿದ ಒಬ್ಬಳು ನಿಂತಳು. ಕಿವಿಯಿಂದ ಒಂದು ಬಿಳಿ ಕಡ್ಡಿ ತೆಗೆದಳು.

"ಅಜ್ಜಿ, ಪಾಡ್‌ಕಾಸ್ಟಲ್ಲಿ ಬರೋದು ನೀವೇನಾ? ನಿಮ್ಮ ನಗು ಸಖತ್ತಾಗಿದೆ. ಕೇಳಿದ್ರೆ ಇಡೀ ದಿನ ಚೆನ್ನಾಗಿರುತ್ತೆ ನಂಗೆ. ಪ್ಲೀಸ್, ಒಂದ್ಸಲ ನಗಿ, ವಿಡಿಯೋ ಮಾಡ್ಕೋತೀನಿ."

ನಾನು ನಕ್ಕೆ. ಅವಳು ಒಂದು ಕೆಜಿ ತೆಗೆದುಕೊಂಡಳು.