ಹಗೇವಿನ ದೀಪ

ಕಂಪ್ಲಿಯ ನಮ್ಮ ಮಣ್ಣಿನ ಮಾಳಿಗೆ ಮನೆಗೆ ಹಿತ್ತಲ ಕಡೆ ಆರ್‌ಸಿಸಿಯ ಒಂದು ಕೋಣೆ, ಅದಕ್ಕೆ ಹೊಂದಿಕೊಂಡು ಕಮೋಡಿನ ಬಚ್ಚಲು ಕಟ್ಟಿಸಲು ಹೊರಟದ್ದು ಚಿಕ್ಕಮ್ಮನ ಮೊಣಕಾಲಿನ ಸಲುವಾಗಿ. ಅವಳು ಚಿಕ್ಕಪ್ಪನ ಹೆಂಡತಿ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಈಗ ಆ ಮನೆಯಲ್ಲಿ ನಾವಿಬ್ಬರೇ, ಇಬ್ಬರೂ ಸಿಡುಕಿಯರು.

ಹೊಸ ಕೋಣೆಯ ಬಾಗಿಲು ಬರಬೇಕಾದ ಜಾಗದಲ್ಲೇ ಹಳೆಯ ಹಗೇವು ಇತ್ತು, ಹಿಂದೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ. ಹೊಸಪೇಟೆಯಿಂದ ಬಂದ ಇಂಜಿನಿಯರ್ ಅದರ ಬಾಯಿಗೆ ಮುಚ್ಚಿದ್ದ ಬಂಡೆ ಎತ್ತಿಸಿ, ಮೊಬೈಲಿನ ಬೆಳಕು ಬಿಟ್ಟು ನೋಡಿದ. ಕುಣಿಯುವುದೊಂದೇ ಬಾಕಿ.

"ಇದನ್ನ ಮುಚ್ಚಬ್ಯಾಡ್ರಿ ಮೇಡಂ. ಮ್ಯಾಲೆ ದಪ್ಪನ ಗ್ಲಾಸ್ ಹಾಕಿ ಒಳಗ ಲೈಟ್ ಕೊಡೋಣ. ಮಸ್ತ್ ಕಾಣ್ತದ."

"ನಿಮ್ಮ ಮಸ್ತ್ ನಿಮ್ಮ ಮನ್ಯಾಗ ಇಟ್ಕೊಳ್ರಿ. ಮಣ್ಣು ಹಾಕಿ ಮುಚ್ರಿ," ಎಂದೆ. ಆತ ಪೆಚ್ಚಾದ. ಅವನ ತಪ್ಪೇನೂ ಇರಲಿಲ್ಲ. ಆ ಕತ್ತಲೆಯೊಳಗೆ ನಾನು ಈಗಲೂ ಇಣುಕುವುದಿಲ್ಲ.

ಹಗೇವು ತೆರೆದ ಕೂಡಲೇ ಯಾರೂ ಇಳಿಯುವಂತಿಲ್ಲ. ಒಳಗೆ ಕೆಟ್ಟ ಗಾಳಿ ಕೂತಿರುತ್ತದೆ. ಹಚ್ಚಿದ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡಬೇಕು. ಅದು ಆರಿದರೆ ಮನುಷ್ಯ ಇಳಿಯಬಾರದು. ಜೋಳ ತೆಗೆಯಲು ಚಿಕ್ಕಪ್ಪ ಅದನ್ನು ತೆರೆದ ದಿನ ನನಗೆ ಒಂಬತ್ತು ವರ್ಷ. "ಕಂದೀಲು ತಗೊಂಬಾರವ್ವ," ಎಂದು ಚಿಕ್ಕಪ್ಪ ಹಿತ್ತಲಿನಿಂದ ಕೂಗಿದ. ನಾನು ಮುಂದಿನ ಕಟ್ಟೆಯ ಮೇಲೆ ಕಲ್ಲಾಟ ಆಡುತ್ತಿದ್ದೆ. "ಬಂದೆ," ಎಂದೆ, ಏಳಲಿಲ್ಲ. ಆಟ ಮುಗಿಸಿ, ಗೂಟದಲ್ಲಿದ್ದ ಕಂದೀಲು ಹಿಡಿದು ಹೋದಾಗ ಹಗೇವಿನ ಬಾಯಿಯ ಬಳಿ ಅವನ ಟವೆಲ್ಲಷ್ಟೇ ಇತ್ತು. ಕೂಗಿದೆ. ಉತ್ತರ ಬರಲಿಲ್ಲ. ಜನ ಸೇರಿ ಮೇಲೆತ್ತುವಷ್ಟರಲ್ಲಿ ಜೀವ ಹೋಗಿತ್ತು.

ಯಾಕೆ ತಡ ಮಾಡಿದೆ ಎಂದು ಯಾರೂ ಕೇಳಲಿಲ್ಲ. ಕೇಳಿ ಎರಡೇಟು ಬಿಗಿದಿದ್ದರೆ ಚೆನ್ನಾಗಿತ್ತು. ಚಿಕ್ಕಮ್ಮ ತುತ್ತು ಕೊಟ್ಟಾಗಲೆಲ್ಲ, ಇವಳಿಗೆ ಗೊತ್ತಾದರೆ ಈ ಕೈ ಹಿಂದಕ್ಕೆ ಹೋಗುತ್ತದೆ ಎಂದು ಹೆದರುತ್ತಲೇ ಉಂಡೆ. ದೊಡ್ಡವಳಾದ ಮೇಲೂ ಆ ಬಂಡೆ ದಾಟುವಾಗ "ಬಂದೆ" ಎಂಬ ನನ್ನದೇ ಸಣ್ಣ ದನಿ ಕೆಳಗಿನಿಂದ ಕೇಳುತ್ತಿತ್ತು.

ಮಣ್ಣಿನ ಟ್ರ್ಯಾಕ್ಟರ್ ಬಂದು ನಿಂತಾಗ ಚಿಕ್ಕಮ್ಮ ಕುರ್ಚಿಯಿಂದಲೇ ಕೇಳಿದಳು, "ಆತ ಗ್ಲಾಸ್ ಹಾಕ್ತೀನಿ ಅಂದ್ರ ನೀ ಯಾಕ ಮುಚ್ಚಸ್ತಿ?"

ಇನ್ನು ತಡೆಯಲಾಗಲಿಲ್ಲ. "ಚಿಕ್ಕಮ್ಮ, ಅವತ್ತು ಚಿಕ್ಕಪ್ಪ ಕಂದೀಲು ತಾ ಅಂದಿದ್ದ. ನಾ ಆಡ್ಕೋತ ಕುಂತೆ. ಜಲ್ದಿ ತಂದಿದ್ರ ಚಿಕ್ಕಪ್ಪ ಉಳೀತಿದ್ದ."

ಅವಳು ಸೆರಗಿನ ಅಂಚನ್ನು ಮಡಿಚುತ್ತ ಹೇಳಿದಳು:

"ಅದ್ರಾಗ ಎಣ್ಣಿ ಎಲ್ಲಿತ್ತವ್ವ? ಹಿಂದಿನ ದಿನಾನ ತುಂಬಿಸು ಅಂದಿದ್ರು, ನಾ ಮರ್ತೆ. ನಿನ್ನ ಕೂಗಿ, ನೀ ಬರಲಿಲ್ಲಂತ ನನ್ನ ಹತ್ರ ಬಂದ್ರು. ಎಣ್ಣಿಲ್ಲ ಅಂದೆ. ಹಂಗಾರ ಬಿಡು ಅಂತ ಹೋಗಿ ಇಳಿದ್ರು. ನಿನಗ ಹೇಳಿದ್ರ ನೀ ನನ್ನ ಕೈತುತ್ತು ಉಣ್ತಿರಲಿಲ್ಲ."

ಟ್ರ್ಯಾಕ್ಟರ್ ವಾಪಸ್ ಹೋಯಿತು. ಈಗ ಗಾಜಿನ ಕೆಳಗೆ ಹಗಲೂ ಲೈಟು ಉರಿಯುತ್ತದೆ. ಅದನ್ನು ಆರಿಸಲು ಚಿಕ್ಕಮ್ಮ ಯಾರಿಗೂ ಬಿಡುವುದಿಲ್ಲ. ಹೊಸ ಕೋಣೆಗೆ ಹೋಗಬೇಕಾದರೆ ಆ ಗಾಜಿನ ಮೇಲೆಯೇ ನಡೆಯಬೇಕು. ಕರೆಂಟ್ ಹೋದರೆ ಅವಳು ಆ ಕಡೆ, ನಾನು ಈ ಕಡೆ ನಿಂತಿರುತ್ತೇವೆ. ಲೈಟು ಮತ್ತೆ ಬರುವ ತನಕ ಇಬ್ಬರೂ ಗಾಜಿನ ಮೇಲೆ ಕಾಲಿಡುವುದಿಲ್ಲ.